ಮಡಿಕೇರಿಯಲ್ಲಿ ಟ್ರ್ಯಾಕ್ ಇಲ್ಲದೆ ಸಂಗೀತ ನಾಟಕ: ನನ್ನ ಅನುಭವ

22 ವಾದ್ಯಗಾರರನ್ನು ರಂಗದ ಮುಂದೆ ಕೂರಿಸಿ, ಎರಡು ಗಂಟೆಯ ಸಂಗೀತ ನಾಟಕವನ್ನು ಮೊದಲೇ ಮುದ್ರಿಸಿದ ಸಂಗೀತದ ಟ್ರ್ಯಾಕ್ ಇಲ್ಲದೆ ನೇರ ವಾದನದಲ್ಲೇ ನಡೆಸುತ್ತೇನೆ ಎಂದಾಗ ಗೆಳೆಯರೆಲ್ಲ, "ಟ್ರ್ಯಾಕ್ ಹಾಕಿ ಮುಗಿಸಿ ಮಾರಾಯ್ರೆ" ಎಂದಿದ್ದರು. ಅವರನ್ನು ದೂರುವಂತಿರಲಿಲ್ಲ, ಏಕೆಂದರೆ ಅದಕ್ಕೆ ಮುಂಚಿನ ನನ್ನ ಎರಡು ಪ್ರಯತ್ನಗಳೂ ನೆಲಕಚ್ಚಿದ್ದವು. ಮೂರನೆಯದು ಕಳೆದ ಮೇ ತಿಂಗಳಲ್ಲಿ ನಾಲ್ಕು ಪ್ರದರ್ಶನ ಕಂಡಿತು.

ಹದಿನೈದು ವರ್ಷ ನಾಟಕ ತಂಡಗಳಲ್ಲಿ ಹಾರ್ಮೋನಿಯಂ ನುಡಿಸಿಕೊಂಡಿದ್ದ ನನಗೆ ಬ್ಯಾಟನ್ (ವಾದ್ಯವೃಂದ ನಡೆಸುವ ಕೋಲು) ಹಿಡಿಯಲು ಕಲಿಸಿದವರು, ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಸೇನಾ ಸಂಗೀತದ ತರಬೇತಿ ಪಡೆದು ನಿವೃತ್ತರಾಗಿ ಊರಿಗೆ ಮರಳಿದ್ದ ಹವಾಲ್ದಾರರೊಬ್ಬರು. ಅವರ ಮೂಲಕವೇ ಕ್ಲಾರಿನೆಟ್, ಟ್ರಂಪೆಟ್, ಟ್ರಾಂಬೋನ್ ನುಡಿಸುವ ಇತರ ಮಾಜಿ ಸೈನಿಕರೂ ದೊರೆತರು. ಪಿಟೀಲಿನವರನ್ನು ಮಾತ್ರ ಮೈಸೂರಿನಿಂದ ಕರೆಸಬೇಕಾಯಿತು.

ಮೊದಲ ಸಲ ಜನವರಿಯಲ್ಲಿ ತಾಲೀಮು ಇಟ್ಟದ್ದೇ ತಪ್ಪು. ಕಾಫಿ ಕೊಯ್ಲಿನ ಕಾಲವಾದ್ದರಿಂದ ಅರ್ಧ ಮಂದಿ ತೋಟದಲ್ಲಿದ್ದರು. ಬಂದವರ ಕ್ಲಾರಿನೆಟ್‌ಗಳು ಬೆಳಗಿನ ಚಳಿಗೆ ಶ್ರುತಿ ಇಳಿದರೆ, ಪಿಟೀಲಿನ ಉಕ್ಕಿನ ತಂತಿಗಳು ಅದೇ ಚಳಿಗೆ ಬಿಗಿದು ಮೇಲೇರುತ್ತಿದ್ದವು. ಉದ್ದದ ಸಂಭಾಷಣೆಯ ನಡುವೆ ಸುಮ್ಮನೆ ಕುಳಿತ ವಾದ್ಯ ಮತ್ತೆ ತಣ್ಣಗಾಗುತ್ತದೆಂಬುದು ಪ್ರದರ್ಶನದ ರಾತ್ರಿಯೇ ನನಗೆ ಅರಿವಾದದ್ದು. ಈಗ ಪ್ರತಿಯೊಂದು ಪಾರ್ಟ್‌ನಲ್ಲೂ (ಒಬ್ಬೊಬ್ಬ ವಾದಕನಿಗೆ ಬರೆದ ಸ್ವರಲಿಪಿ ಹಾಳೆ) ಪ್ರವೇಶಕ್ಕೆ ಸುಮಾರು ಒಂದು ನಿಮಿಷ ಮೊದಲು, ಸದ್ದಿಲ್ಲದೆ ಬಿಸಿಯುಸಿರು ಊದಬೇಕೆಂದು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತೇನೆ. ಕಾಫಿ ಹೂ ಅರಳಿಸುವ ಹೂಮಳೆ ಮುಗಿದ ಮೇಲೆ ತಾಲೀಮು, ಮುಂಗಾರಿಗೆ ಮುನ್ನ ಪ್ರದರ್ಶನ ಎಂಬುದು ನಮ್ಮ ಪಂಚಾಂಗ.

ಎರಡನೆಯ ಸೋಲು ಸಂಯೋಜಕನಾದ ನನ್ನದೇ. ನಾಯಕನಟನ ಕರಿ ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಸಿ ಶಾರ್ಪ್) ಶ್ರುತಿಗೆ ಎಲ್ಲವನ್ನೂ ಬರೆದಿದ್ದೆ. ಬಿ ಫ್ಲ್ಯಾಟ್ ಕ್ಲಾರಿನೆಟ್‌ಗೆ ಅದು ಕಷ್ಟವಲ್ಲ, ಆದರೆ ಆ ಮೇಜರ್ ಸ್ಕೇಲಿನಲ್ಲಿ ಪಿಟೀಲಿನ ಒಂದು ಬಿಡಿ ತಂತಿಯೂ (ಬೆರಳೊತ್ತದೆ ನುಡಿಸುವ ತಂತಿ) ಸೇರುವುದಿಲ್ಲ. ಬಿಳಿ ಎರಡಕ್ಕೆ (ಡಿ) ಏರಿಸಿದರೆ ಕ್ಲಾರಿನೆಟ್‌ಗೆ ನಾಲ್ಕು ಶಾರ್ಪ್ (ಅರ್ಧ ಮೆಟ್ಟಿಲು ಏರಿಸಿದ ಸ್ವರಗಳು) ಬಿದ್ದು ಕಷ್ಟವಾಗುತ್ತದೆ. ಕೊನೆಗೆ ನಟನನ್ನೇ ಒಪ್ಪಿಸಿ ಬಿಳಿ ಒಂದಕ್ಕೆ (ಸಿ) ಇಳಿಸಿ, ಸುಮಾರು 400 ಪುಟ ಪಾರ್ಟ್ ಮತ್ತೆ ಬರೆಸಿದೆ. ನಕಲಿಗೇ 30,000 ರೂಪಾಯಿಯಷ್ಟು ಹೋಯಿತು. ಬಸ್ಸು, ಊಟ, ಸಂಭಾವನೆ ಸೇರಿ ಮೂರೂ ವರ್ಷದ ಖರ್ಚು ಆರು ಲಕ್ಷದ ಹತ್ತಿರ, ಟಿಕೆಟಿನಿಂದ ಬಂದದ್ದು ನಾಲ್ಕೂಕಾಲು. ಉಳಿದದ್ದಕ್ಕೆ ಮನೆಯವಳ ಬಳೆ ಬ್ಯಾಂಕಿನಲ್ಲಿದೆ.

ಕೊಡಗಿನ ಪುಟ್ಟ ಚರ್ಮವಾದ್ಯ ದುಡಿ ಬಾರಿಸುವವರ ವಿಷಯ ಬೇರೆ. ಕೊಡವರ ಸಾಂಪ್ರದಾಯಿಕ ಹಾಡಾದ ಬಾಳೋ ಪಾಟಿನಲ್ಲಿ ಹಾಡುವವರೇ ದುಡಿ ಬಾರಿಸುವುದರಿಂದ, ಅವರ ಲಯ ಹಾಡಿನ ಉಸಿರಿನ ಜೊತೆ ಹೋಗುತ್ತದೆಯೇ ಹೊರತು ನನ್ನ ಕೋಲನ್ನು ನೋಡುವುದಿಲ್ಲ. ಎರಡನೆಯ ವರ್ಷ ಪಿಟೀಲು ನನ್ನ ಕೈಯನ್ನೂ ದುಡಿ ಗಾಯಕನನ್ನೂ ಹಿಂಬಾಲಿಸಿ, ಅರ್ಧ ಆವರ್ತನ ಆಚೀಚೆಯಾಗಿ ಸಭೆ ನಕ್ಕಿತು. ಮೂರನೆಯ ವರ್ಷ ಹಿರಿಯ ದುಡಿಯವರನ್ನು ನನ್ನ ಎದುರಿಗೇ ಕೂರಿಸಿ, ಲಯ ಅವರದು, ನಾನು ಅದನ್ನು ಉಳಿದವರಿಗೆ ದಾಟಿಸುವವನು ಎಂದು ಒಪ್ಪಿಕೊಂಡೆ. ಬೆಂಗಳೂರಿನಲ್ಲಿ ಇದನ್ನು ಮಾಡಿ ತೋರಿಸಿದವರನ್ನು ನಾನು ಇನ್ನೂ ಕಂಡಿಲ್ಲ. ತೇವದಲ್ಲೂ ದುಡಿಯ ಚರ್ಮ ಸಡಿಲವಾಗದಂತೆ ನೋಡಿಕೊಳ್ಳುವ ಬಗೆಯನ್ನು ಮಾತ್ರ ಇಲ್ಲಿ ಬರೆಯಲಾರೆ, ಆ ಹಿರಿಯರಿಗೆ ಮಾತು ಕೊಟ್ಟಿದ್ದೇನೆ.

ಈ ನಡುವೆ ಬಾಗಿದ ಊದುವಾದ್ಯವಾದ ಕೊಂಬನ್ನೂ ಸೇರಿಸಿ ನೋಡಿದೆ. ಅದರ ಶ್ರುತಿಯನ್ನು ನಮ್ಮಿಷ್ಟಕ್ಕೆ ಬದಲಿಸಲಾಗದು, ಆದರೆ ಟ್ರಾಂಬೋನಿನ ಕೊಳವೆ ಎಲ್ಲಿಗೆ ಬೇಕಾದರೂ ಜಾರುತ್ತದೆ. ಟ್ರಾಂಬೋನಿನವರೇ ಕೊಂಬಿನ ಬಳಿ ಹೋಗಲಿ ಎಂದೆ. ಎರಡು ಪ್ರದರ್ಶನದಲ್ಲಿ ಸೇರಿತು, ಎರಡರಲ್ಲಿ ಸೇರಲಿಲ್ಲ. ಬರುವ ಮಾರ್ಚಿನಲ್ಲಿ ಕೊಂಬಿನವರನ್ನು ಬಾಲ್ಕನಿಯಲ್ಲಿ ನಿಲ್ಲಿಸಿ ನೋಡುವವನಿದ್ದೇನೆ.