ಹವ್ಯಾಸಿ ಛಾಯಾಗ್ರಾಹಕರ ಬಯಕೆಪಟ್ಟಿ: ಯಾವುದು ಮೊದಲು, ಯಾವುದು ಆಮೇಲೆ

ಕ್ಯಾಮೆರಾ ಕೊಂಡು ಒಂದು ವರ್ಷ ಕಳೆಯುವಷ್ಟರಲ್ಲಿ ಹೆಚ್ಚಿನ ಹವ್ಯಾಸಿಗಳ ಬಳಿ ಒಂದು ಬಯಕೆಪಟ್ಟಿ ಬೆಳೆದಿರುತ್ತದೆ: ಉದ್ದದ ಲೆನ್ಸ್, ಗಟ್ಟಿಯಾದ ಟ್ರೈಪಾಡ್, ನಾಲ್ಕಾರು ಫಿಲ್ಟರ್‌ಗಳು, ಹೊಸ ಬ್ಯಾಗ್, ಸಾಧ್ಯವಾದರೆ ಇನ್ನೊಂದು ಕ್ಯಾಮೆರಾ. ಅಂಗಡಿಯ ಗಾಜಿನ ಕಪಾಟನ್ನೋ ಜೊತೆಗಾರರ ಹೆಗಲ ಮೇಲಿನ ಸಾಮಾನನ್ನೋ ನೋಡಿ ಬೆಳೆದ ಪಟ್ಟಿಗೆ ಕೊನೆಯೇ ಇರುವುದಿಲ್ಲ. ಮೈಸೂರಿನಲ್ಲಿದ್ದುಕೊಂಡು ಬಿಡುವಿನ ದಿನಗಳಲ್ಲಿ ಚಿತ್ರ ತೆಗೆಯುವ ನಾನು ಹಲವು ತಪ್ಪು ಖರೀದಿಗಳ ನಂತರ ಒಂದು ಕ್ರಮಕ್ಕೆ ಬಂದಿದ್ದೇನೆ: ಪಟ್ಟಿಯಲ್ಲಿರುವ ಪ್ರತಿಯೊಂದು ವಸ್ತುವಿನ ಎದುರಿಗೆ, ಅದು ಇಲ್ಲದ್ದರಿಂದ ನನ್ನ ಕೈತಪ್ಪಿದ ಒಂದು ಚಿತ್ರದ ಹೆಸರಿರಬೇಕು. ಹಾಗೆ ಹೆಸರಿಸಲು ಬಾರದ ವಸ್ತುವನ್ನು ನಾನು ಕೊಳ್ಳುವುದಿಲ್ಲ.

ಇದಕ್ಕಾಗಿ ಮೊದಲು ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು, ಕನಿಷ್ಠ ಮೂರು ತಿಂಗಳು ಕೆಟ್ಟ ಚಿತ್ರಗಳ ಲೆಕ್ಕ ಬರೆಯಿರಿ. ಎಲ್ಲಿ, ಎಷ್ಟು ಹೊತ್ತಿಗೆ, ಏಕೆ ಕೆಟ್ಟಿತು ಎಂಬ ಮೂರು ಸಂಗತಿಗಳು ಸಾಕು. ಬೆಳಕು ಸಾಲಲಿಲ್ಲವೇ, ಹಕ್ಕಿ ದೂರವಿತ್ತೇ, ಕೈ ಅಲುಗಿತೇ, ಬ್ಯಾಟರಿ ಮುಗಿಯಿತೇ ಎಂಬುದನ್ನು ಬಿಡಿಸಿ ಬರೆದರೆ, ಬೇರೆ ಬೇರೆ ಕೊರತೆಗಳು ತಾವಾಗಿಯೇ ಬೇರ್ಪಡುತ್ತವೆ. ನನ್ನ ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಸಲ ಕಾಣಿಸಿಕೊಂಡ ಕಾರಣ, ನಾನು ಬೆಳಗ್ಗೆ ತಡವಾಗಿ ಹೊರಟದ್ದು. ಅದಕ್ಕೆ ಯಾವ ಅಂಗಡಿಯಲ್ಲೂ ಮದ್ದಿಲ್ಲವೆಂದು ತಿಳಿದದ್ದೇ ನನಗೆ ದೊಡ್ಡ ಉಳಿತಾಯವಾಯಿತು.

ಜೊತೆಗೆ, ಈವರೆಗೆ ತೆಗೆದ ಚಿತ್ರಗಳನ್ನು ಡಿಜಿಕ್ಯಾಮ್‌ನಂತಹ ಉಚಿತ ತಂತ್ರಾಂಶದಲ್ಲಿ ತೆರೆದು, ಯಾವ ಫೋಕಲ್ ಲೆಂಗ್ತ್‌ನಲ್ಲಿ ಎಷ್ಟು ತೆಗೆದಿದ್ದೀರಿ ಎಂದು ನೋಡಿರಿ. ಫೋಕಲ್ ಲೆಂಗ್ತ್ ಎಂದರೆ ಲೆನ್ಸಿನ ಮಿ.ಮೀ. ಅಳತೆ; ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಆ ಮಾಹಿತಿ ಪ್ರತಿ ಕಡತದೊಳಗೇ ದಾಖಲಾಗಿರುತ್ತದೆ. ಕ್ಯಾಮೆರಾದ ಜೊತೆಗೇ ಬರುವ 18-55 ಮಿ.ಮೀ. ಕಿಟ್ ಲೆನ್ಸ್ ಬಳಸುವವರ ಒಳ್ಳೆಯ ಚಿತ್ರಗಳೆಲ್ಲ 55ರ ತುದಿಯಲ್ಲೇ ಗುಂಪುಗೂಡಿದ್ದರೆ ಅವರಿಗೆ ಬೇಕಿರುವುದು ಉದ್ದದ ಲೆನ್ಸ್. 18ರಲ್ಲೇ ಇದ್ದರೆ ಅಗಲದ ಲೆನ್ಸ್. ನಡುವೆ ಹರಡಿಕೊಂಡಿದ್ದರೆ ಬಹುಶಃ ಯಾವುದೂ ಬೇಡ.

ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದು 1.8 ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಇರುವ ಒಂದು ಪುಟ್ಟ ಪ್ರೈಮ್ ಲೆನ್ಸ್, ಅಂದರೆ ಜೂಮ್ ಆಗದ ಲೆನ್ಸ್. ಅದಕ್ಕೆ ಕಾರಣವಾದದ್ದು ಸೋಮನಾಥಪುರ. ಹದಿಮೂರನೆಯ ಶತಮಾನದ ಈ ಹೊಯ್ಸಳ ಗುಡಿಯ ನವರಂಗದಲ್ಲಿ ಛಾವಣಿಯ ಕೆತ್ತನೆಗಳು ಮಬ್ಬುಗತ್ತಲಿನಲ್ಲಿವೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಊರಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಅಂದರೆ ಕ್ಯಾಮೆರಾವನ್ನು ಕೈಯಲ್ಲೇ ಹಿಡಿಯಬೇಕು. ಕಿಟ್ ಲೆನ್ಸಿನ 5.6 ಅಪರ್ಚರ್‌ಗೆ ಹೋಲಿಸಿದರೆ 1.8 ಅಪರ್ಚರ್ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಆದ್ದರಿಂದ 1/6 ಸೆಕೆಂಡ್ ಬೇಡುತ್ತಿದ್ದ ಚಿತ್ರ 1/60ರಲ್ಲೇ ಮುಗಿಯುತ್ತದೆ, ಕೈ ಅಲುಗುವ ಭಯ ಬಹುತೇಕ ಇಲ್ಲವಾಗುತ್ತದೆ. ಹೆಚ್ಚಿನ ಕಂಪನಿಗಳಲ್ಲಿ 50 ಮಿ.ಮೀ. 1.8 ಲೆನ್ಸ್ ತೀರಾ ಅಗ್ಗದ ಲೆನ್ಸ್‌ಗಳಲ್ಲೊಂದು. ಆದರೆ ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರ್ ಇರುವ ಕ್ಯಾಮೆರಾದಲ್ಲಿ 50 ಮಿ.ಮೀ. ನೋಟ ಕಿರಿದಾಗುವುದರಿಂದ ಗುಡಿಯೊಳಗೆ ಹಿಂದಕ್ಕೆ ಸರಿಯಲು ಜಾಗ ಸಾಲದೇ ಹೋಗಬಹುದು, 35 ಮಿ.ಮೀ. ಹೆಚ್ಚು ಅನುಕೂಲ. ಯಾವುದು ಹೊಂದುತ್ತದೆಂದು ತಿಳಿಯಲು ಕಿಟ್ ಲೆನ್ಸನ್ನು ಒಂದು ದಿನ 35ಕ್ಕೆ, ಇನ್ನೊಂದು ದಿನ 50ಕ್ಕೆ ನಿಲ್ಲಿಸಿ, ಟೇಪು ಸುತ್ತಿ, ದೇವರಾಜ ಮಾರುಕಟ್ಟೆಯಲ್ಲಿ ಒಂದು ಸುತ್ತು ಬನ್ನಿರಿ. ಖರ್ಚಿಲ್ಲದೆ ಉತ್ತರ ಸಿಗುತ್ತದೆ.

ಉದ್ದದ ಲೆನ್ಸಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಹಣ ಹೆಚ್ಚು ಹೋಗುವುದೂ ನಿರಾಶೆ ಹೆಚ್ಚು ಆಗುವುದೂ ಇಲ್ಲಿಯೇ. ನಮ್ಮ ಕಡೆಯವರಿಗೆ ಈ ಆಸೆ ಹುಟ್ಟಿಸುವುದು ರಂಗನತಿಟ್ಟು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಈ ಕಾವೇರಿಯ ನಡುಗಡ್ಡೆಗಳಲ್ಲಿ ದೋಣಿ ಹಕ್ಕಿಗಳ ಹತ್ತಿರಕ್ಕೇ ಹೋಗುವುದರಿಂದ, ಗೂಡಿನ ಮೇಲೆ ಕುಳಿತ ಬಣ್ಣದ ಕೊಕ್ಕರೆಗೂ ಬಂಡೆಯ ಮೇಲೆ ಬಾಯ್ತೆರೆದು ಮಲಗಿದ ಮೊಸಳೆಗೂ 300 ಮಿ.ಮೀ. ಸಾಮಾನ್ಯವಾಗಿ ಸಾಕಾಗುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಮನೆಯ ಮುಂದೆ ನಿಂತವರಿಗೆ 200 ಮಿ.ಮೀ. ಕೂಡ ಹೆಚ್ಚೆನಿಸಬಹುದು. 600 ಮಿ.ಮೀ.ವರೆಗೆ ಹೋಗುವ ಜೂಮ್ ನಿಜಕ್ಕೂ ಬೇಕಾಗುವುದು ಕುಕ್ಕರಹಳ್ಳಿ ಕೆರೆಯ ದಂಡೆಯಿಂದ ಆಚೆ ದಡದ ಸಣ್ಣ ಹಕ್ಕಿಗಳನ್ನು ತೆಗೆಯುವವರಿಗೆ. ಆದ್ದರಿಂದ ವಾರಕ್ಕೊಮ್ಮೆ ನೀವು ಎಲ್ಲಿಗೆ ಹೋಗುತ್ತೀರೋ ಆ ಜಾಗವನ್ನು ನೋಡಿ ಲೆನ್ಸಿನ ಉದ್ದವನ್ನು ನಿರ್ಧರಿಸಿರಿ.

ಉದ್ದ ಹೆಚ್ಚಿದಷ್ಟೂ ಅಲುಗಾಟವೂ ಹೆಚ್ಚು ಕಾಣುತ್ತದೆ. ಚಿಕ್ಕ ಸೆನ್ಸರಿನಿಂದ ನೋಟ 1.5 ಪಟ್ಟು ಕಿರಿದಾಗುವ (ಕ್ರಾಪ್) ಕ್ಯಾಮೆರಾದಲ್ಲಿ 300 ಮಿ.ಮೀ. ಲೆನ್ಸ್ 450 ಮಿ.ಮೀ.ನ ನೋಟ ಕೊಡುವುದರಿಂದ, ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ವೇಗ 1/500ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ಲೆನ್ಸಿನೊಳಗಿನ ಸ್ಟೆಬಿಲೈಸೇಶನ್ ನಿಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ರೆಕ್ಕೆಯ ಬಡಿತವನ್ನಲ್ಲ. ನೀರಿನ ಮೇಲೆ ಸುಳಿದಾಡುವ ರೀವಕ್ಕೆ (ಟರ್ನ್ ಹಕ್ಕಿಗೆ) 1/2000 ಬೇಕೇ ಬೇಕು. ತೇಲುವ ದೋಣಿಯಲ್ಲಿ ಟ್ರೈಪಾಡ್ ನಿಲ್ಲಿಸಿದರೆ ದೋಣಿಯ ಅಲುಗಾಟವೇ ಕ್ಯಾಮೆರಾಕ್ಕೆ ಏರುತ್ತದೆ. ಗಟ್ಟಿ ಬಟ್ಟೆಯ ಚೀಲ ಹೊಲಿಸಿ, ಅದರಲ್ಲಿ ಎರಡು ಸೇರಿನಷ್ಟು ಅಕ್ಕಿಯನ್ನೋ ಹೆಸರುಕಾಳನ್ನೋ ತುಂಬಿಸಿ ಬಾಯಿ ಹೊಲಿದರೆ, ಗೋಡೆ, ಬಂಡೆ, ಕಾರಿನ ಕಿಟಕಿ ಎಲ್ಲಕ್ಕೂ ಹೊಂದುವ ಆಸರೆಯಾಗುತ್ತದೆ. ಪಟ್ಟಿಯಲ್ಲಿ ಇಷ್ಟು ಅಗ್ಗವಾದ ಮತ್ತು ಇಷ್ಟು ಉಪಯುಕ್ತವಾದ ಇನ್ನೊಂದು ವಸ್ತುವನ್ನು ನಾನು ಕಂಡಿಲ್ಲ.

ಲೆನ್ಸಿನ ಉದ್ದ ಸಾಲದೆಂದು, ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸಿ ಉದ್ದ ಹೆಚ್ಚಿಸುವ ಟೆಲಿಕನ್ವರ್ಟರ್ ಬರೆದುಕೊಳ್ಳುವವರು ಒಂದು ಲೆಕ್ಕ ಮಾಡಬೇಕು. 1.4 ಪಟ್ಟಿನದು ಒಂದು ಸ್ಟಾಪ್ ಬೆಳಕನ್ನೂ 2 ಪಟ್ಟಿನದು ಎರಡು ಸ್ಟಾಪ್ ಬೆಳಕನ್ನೂ ತಿನ್ನುತ್ತದೆ. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು. 6.3 ಅಪರ್ಚರ್‌ನ ಜೂಮ್‌ಗೆ 1.4 ಪಟ್ಟಿನದನ್ನು ಹಾಕಿದರೆ ಅದು 9ಕ್ಕೆ ಇಳಿದು, ಹಲವು ಡಿಎಸ್ಎಲ್ಆರ್‌ಗಳಲ್ಲಿ ಆಟೋಫೋಕಸ್ ತಡಕಾಡುತ್ತದೆ ಅಥವಾ ನಿಂತೇ ಹೋಗುತ್ತದೆ. ಅದೇ ಹಣವನ್ನು ನಾಲ್ಕು ಬಾರಿ ದೋಣಿ ಹತ್ತಲು ಎತ್ತಿಡುವುದು ಉತ್ತಮ.

ಟ್ರೈಪಾಡ್ ನೆಲದ ಮೇಲಿನ ಕೆಲಸಕ್ಕೆ. ಗಗನಚುಕ್ಕಿಯ ನೀರನ್ನು ಹಾಲಿನ ಧಾರೆಯಂತೆ ತೋರಿಸಬೇಕಾದರೆ ಅರ್ಧ ಸೆಕೆಂಡಿನಷ್ಟಾದರೂ ಶಟರ್ ತೆರೆದಿರಬೇಕು. ಬಿಸಿಲಿನಲ್ಲಿ ಐಎಸ್ಒ (ಸೆನ್ಸರಿನ ಬೆಳಕಿನ ಸಂವೇದನೆ) 100, ಅಪರ್ಚರ್ 16ರಲ್ಲಿ ಸಿಗುವುದು ಸುಮಾರು 1/100 ಸೆಕೆಂಡ್ ಮಾತ್ರ. ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಆರು ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿದರೆ ಅದು 0.6 ಸೆಕೆಂಡಿಗೆ ಬರುತ್ತದೆ. ಹೀಗೆ ಫಿಲ್ಟರ್ ಮತ್ತು ಟ್ರೈಪಾಡ್ ಒಂದಕ್ಕೊಂದು ಅಂಟಿಕೊಂಡ ಬಯಕೆಗಳು. ಒಂದನ್ನು ಮಾತ್ರ ಕೊಂಡರೆ ಇನ್ನೊಂದು ಬರುವವರೆಗೆ ಅದು ಬೀರುವಿನಲ್ಲೇ ಇರುತ್ತದೆ. ನಿಮ್ಮ ಲೆನ್ಸ್‌ಗಳಲ್ಲಿ ಅತಿ ದೊಡ್ಡ ಬಾಯಿ ಯಾವುದಕ್ಕಿದೆಯೋ ಆ ಅಳತೆಯ ಫಿಲ್ಟರ್ ಕೊಂಡು, ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ ಬಳಸಿರಿ. ಟ್ರೈಪಾಡ್ ಆರಿಸುವಾಗ ನಡುಗಂಬವನ್ನು ಎತ್ತದೆ ಕಣ್ಣಿನ ಮಟ್ಟಕ್ಕೆ ಬರುವಂಥದ್ದನ್ನು ನೋಡಿರಿ; ಕಂಬ ಎತ್ತಿದಷ್ಟೂ ಅದು ಗಾಳಿಗೆ ತೂಗುತ್ತದೆ.

ಇಲ್ಲಿಯೇ ಅರಮನೆಯ ದೀಪಾಲಂಕಾರದ ಬಗ್ಗೆ ಒಂದು ಮಾತು. ಭಾನುವಾರಗಳಂದು ಮತ್ತು ಸರ್ಕಾರಿ ರಜೆಗಳಂದು ಸಂಜೆ ಏಳಕ್ಕೆ ದೀಪ ಹೊತ್ತುತ್ತದೆ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಆಕಾಶ ಪೂರ್ತಿ ಕಪ್ಪಾಗಿರುತ್ತದೆ. ಮೇ, ಜೂನ್ ತಿಂಗಳುಗಳಲ್ಲಿ ಸೂರ್ಯ ಮುಳುಗುವುದು ಏಳಕ್ಕೆ ಸ್ವಲ್ಪ ಮುಂಚೆಯಾದ್ದರಿಂದ ಗೋಪುರಗಳ ಹಿಂದೆ ಗಾಢ ನೀಲಿ ಉಳಿದಿರುತ್ತದೆ. ಈ ಚಿತ್ರಕ್ಕೆ ಹೊಸ ಲೆನ್ಸಿಗಿಂತ ಕ್ಯಾಲೆಂಡರ್ ಹೆಚ್ಚು ಸಹಾಯ ಮಾಡುತ್ತದೆ. ಆವರಣದಲ್ಲಿ ಟ್ರೈಪಾಡ್‌ಗೆ ಅವಕಾಶವಿದೆಯೇ ಎಂದು ಬಾಗಿಲಲ್ಲೇ ಕೇಳಿಕೊಳ್ಳಿರಿ.

ಇನ್ನು ಮಳೆಗಾಲ. ಒಂದು ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮುಚ್ಚಿಟ್ಟಿದ್ದೆ. ನವರಾತ್ರಿಗೆ ತೆಗೆದಾಗ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂತೆ ಫಂಗಸ್ ಹರಡಿತ್ತು. ಅದು ಗಾಜಿನ ಲೇಪನವನ್ನೇ ತಿನ್ನುವುದರಿಂದ ಸ್ವಚ್ಛಗೊಳಿಸಿದ ಮೇಲೂ ಕಲೆ ಉಳಿಯಿತು. ಅಂದಿನಿಂದ ತೇವ ತಡೆಯುವ ವ್ಯವಸ್ಥೆಯನ್ನು ಲೆನ್ಸಿನ ಜೊತೆಗೇ ಪಟ್ಟಿಯಲ್ಲಿ ಬರೆಯುತ್ತೇನೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಚಿಕ್ಕ ಮಾಪಕ, ಈ ಮೂರು ಸಾಕು. ಮಾಪಕ ಶೇ. 40ರಿಂದ 50ರ ನಡುವೆ ನಿಲ್ಲಬೇಕು. ಬಣ್ಣ ಬದಲಾಗುವ ಜೆಲ್ ಕೊಂಡರೆ ಅದು ತೇವ ಕುಡಿದದ್ದು ಕಣ್ಣಿಗೇ ತಿಳಿಯುತ್ತದೆ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತದೆ. ಅಕ್ಕಿ ಡಬ್ಬಿಯಲ್ಲಿ ಕ್ಯಾಮೆರಾ ಹುಗಿಯುವವರಿದ್ದಾರೆ. ಅಕ್ಕಿ ಹೀರುವ ತೇವ ಅಲ್ಪ, ಅದರ ಹುಡಿ ಮಾತ್ರ ಎಲ್ಲ ಸಂದಿಗಳಿಗೂ ಸೇರುತ್ತದೆ.

ಚಿಕ್ಕ ವಸ್ತುಗಳಲ್ಲಿ ಎರಡನೆಯ ಬ್ಯಾಟರಿ, ವಿ30 ಎಂಬ ವೇಗದ ಗುರುತಿರುವ ಎರಡು ಮೆಮೊರಿ ಕಾರ್ಡ್, ರಬ್ಬರ್ ಬ್ಲೋವರ್ ಮತ್ತು ಲೆನ್ಸ್ ಹುಡ್ ಇಷ್ಟನ್ನು ತಡಮಾಡದೆ ತನ್ನಿರಿ. ಬ್ಯಾಗು ಕೊನೆಗಿರಲಿ, ಅದರೊಳಗೆ ಏನಿಡಬೇಕೆಂದು ಗೊತ್ತಾದ ಮೇಲೆ. ಫ್ಲ್ಯಾಶ್ ಮನೆಯ ಸಮಾರಂಭಗಳಿಗೆ ಒಳ್ಳೆಯದು. ಗೂಡಿನ ಹಕ್ಕಿಗೆ ಎಂದಿಗೂ ಬೇಡ.

ಹಣ ಸಾಲದಿದ್ದಾಗ ಸೆಕೆಂಡ್‌ಹ್ಯಾಂಡ್ ಲೆನ್ಸ್ ಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ನಿಧಾನವಾಗಿ ನೋಡಬೇಕು. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಾಯಿಸಿ ಫಂಗಸ್ ಇದೆಯೇ ನೋಡಿರಿ. ಅಪರ್ಚರ್ ಎಲೆಗಳ ಮೇಲೆ ಎಣ್ಣೆಯ ಪಸೆ ಇರಬಾರದು. ನಿಕಾನ್ ಡಿ3000 ಮತ್ತು ಡಿ5000 ಸರಣಿಯ ಕ್ಯಾಮೆರಾಗಳೊಳಗೆ ಫೋಕಸ್ ಮೋಟಾರ್ ಇಲ್ಲದ್ದರಿಂದ ಹಳೆಯ ಎಎಫ್-ಡಿ ಲೆನ್ಸ್‌ಗಳು ಅವುಗಳಲ್ಲಿ ತಾವಾಗಿ ಫೋಕಸ್ ಆಗುವುದಿಲ್ಲ; ಇಂತಹ ಹೊಂದಾಣಿಕೆಯನ್ನು ಮೊದಲೇ ತಿಳಿದುಕೊಳ್ಳಿರಿ. ಸೀರಿಯಲ್ ನಂಬರ್ ಇರುವ ಬಿಲ್ಲನ್ನು ಕೇಳಿ ಪಡೆಯಿರಿ. ಕೊನೆಯದಾಗಿ, ನಿಮ್ಮ ಕ್ಯಾಮೆರಾ ಮತ್ತು ಕಾರ್ಡ್ ಒಯ್ದು ಆ ಲೆನ್ಸಿನಿಂದ ಹತ್ತಿಪ್ಪತ್ತು ಚಿತ್ರ ತೆಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ನಾಲ್ಕು ಮೂಲೆಗಳನ್ನೂ ದೊಡ್ಡದಾಗಿಸಿ ನೋಡಿರಿ. ಹಣ ಕೊಡುವುದು ಮರುದಿನ.