ಜಪಾನಿನ ಮರದಚ್ಚು ಚಿತ್ರ ಕೊಳ್ಳುವ ಮುಂಚೆ ಹಾಳೆಯ ವಯಸ್ಸು ಕೇಳಿ

ಜಪಾನಿನ ಕಲಾವಿದ ಹೊಕುಸಾಯ್‌ನ ‘ಮಹಾ ಅಲೆ’ ಚಿತ್ರವನ್ನು ನೋಡದವರು ಕಡಿಮೆ. ಟೀ ಶರ್ಟ್ ಮೇಲೆ, ಮೊಬೈಲ್ ಕವರ್ ಮೇಲೆ, ಕೆಫೆಗಳ ಗೋಡೆ ಮೇಲೆ ಎಲ್ಲ ಕಡೆ ಇದೆ. ಅದರ ಒಂದು ಹಳೆಯ ಹಾಳೆ 2023ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 27.6 ಲಕ್ಷ ಡಾಲರಿಗೆ ಹೋಯಿತು. ಅದೇ ಅಲೆಯನ್ನು ಹೊಸದಾಗಿ ಕೆತ್ತಿದ ಹಲಗೆಗಳಿಂದ, ಹಳೆಯ ಪದ್ಧತಿಯಲ್ಲೇ ಕೈಯಲ್ಲಿ ಅಚ್ಚು ಹಾಕಿ ಟೋಕಿಯೊದ ಅದಾಚಿ ಸಂಸ್ಥೆ ಇವತ್ತೂ ಮಾರುತ್ತದೆ, ಸಂಬಳದವರ ಕೈಗೆ ಎಟುಕುವ ಬೆಲೆಗೆ. ಎರಡೂ ಮರದಚ್ಚೇ, ಎರಡೂ ಕೈಕೆಲಸವೇ. ಬೇರೆಯಾಗಿರುವುದು ಆ ಹಾಳೆ ಯಾವ ಹಲಗೆಯಿಂದ, ಯಾವಾಗ ಅಚ್ಚಾಯಿತು ಅನ್ನೋದು.

ಜಪಾನಿನ ಪ್ರಕೃತಿ ದೃಶ್ಯಗಳ ಮರದಚ್ಚು ಚಿತ್ರಗಳನ್ನು ಕೂಡಿಡಬೇಕು ಅಂತ ಆಸೆ ಇರುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ. ಚಿತ್ರ ಯಾರದು ಅಂತ ಎಲ್ಲರೂ ಕೇಳುತ್ತಾರೆ. ನೀವು ‘ಈ ಹಾಳೆ ಯಾವಾಗಿನದು’ ಅಂತ ಕೇಳಿ. ಮುಂದೆ ಹೇಳುವುದರಲ್ಲಿ ಹೆಚ್ಚಿನದೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯೇ.

ಮೊದಲು, ಇದು ಹೇಗೆ ತಯಾರಾಗುತ್ತೆ ಅಂತ ತಿಳಿದುಕೊಳ್ಳಿ

ಇದು ಒಬ್ಬರ ಕೆಲಸ ಅಲ್ಲ. ಬರೆಯುವ ಕಲಾವಿದ ಒಬ್ಬ, ಕೆತ್ತುವವನು ಇನ್ನೊಬ್ಬ, ಅಚ್ಚು ಹಾಕುವವನು ಮತ್ತೊಬ್ಬ, ಇವರಿಗೆಲ್ಲ ದುಡ್ಡು ಹಾಕಿ ಮಾರುವ ಪ್ರಕಾಶಕ ಬೇರೆ. ಕಲಾವಿದ ತೆಳು ಕಾಗದದ ಮೇಲೆ ಬರೆದದ್ದನ್ನು ಕಾಡು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಕೆತ್ತಿ ತೆಗೆಯುತ್ತಾರೆ. ಅಂದ್ರೆ ಕಲಾವಿದ ಬರೆದ ಕಾಗದ ಅಲ್ಲೇ ಹಾಳಾಗಿ ಹೋಗುತ್ತೆ. ಅಚ್ಚಾದ ಹಾಳೆಯೇ ಮೂಲ ಕೃತಿ.

ಆಮೇಲೆ ಬಣ್ಣಗಳಿಗೆ ಬೇರೆ ಬೇರೆ ಹಲಗೆ. ನೀರಿನ ಬಣ್ಣವನ್ನು ಬ್ರಷ್‌ನಿಂದ ಹಲಗೆಗೆ ಹಚ್ಚಿ, ತೇವ ಮಾಡಿದ ‘ವಾಶಿ’ ಎಂಬ ಜಪಾನಿ ಕಾಗದವನ್ನು ಮೇಲಿಟ್ಟು, ಬಿದಿರಿನ ಸಿಪ್ಪೆ ಸುತ್ತಿದ ‘ಬಾರೆನ್’ ಎಂಬ ದುಂಡನೆಯ ಬಿಲ್ಲೆಯಿಂದ ಕಾಗದದ ಬೆನ್ನನ್ನು ಉಜ್ಜುತ್ತಾರೆ. ಯಂತ್ರ ಇಲ್ಲ. ಆಕಾಶದ ಕಡು ನೀಲಿ ಕೆಳಗೆ ಬರ್ತಾ ಬರ್ತಾ ತಿಳಿಯಾಗುತ್ತಲ್ವಾ, ಅದಕ್ಕೆ ‘ಬೊಕಾಶಿ’ ಅಂತಾರೆ. ಸಾಮಾನ್ಯವಾಗಿ ಅದು ಹಲಗೆಯಲ್ಲಿ ಕೆತ್ತಿದ್ದಲ್ಲ. ಅಚ್ಚು ಹಾಕುವವನು ಪ್ರತಿ ಹಾಳೆಗೂ ಹಲಗೆಯ ಮೇಲಿನ ಬಣ್ಣವನ್ನು ಹದವಾಗಿ ಒರೆಸಿ ತರಬೇಕು. ಹಾಗಾಗಿ ಒಂದೇ ಚಿತ್ರದ ಎರಡು ಹಾಳೆಗಳು ತದ್ರೂಪವಾಗಿ ಇರೋದಿಲ್ಲ, ಒಳ್ಳೆಯ ಕೈ ಹಾಕಿದ ಹಾಳೆಗೂ ಅವಸರದಲ್ಲಿ ಹಾಕಿದ್ದಕ್ಕೂ ಇರುವ ಅಂತರ ಆಕಾಶದಲ್ಲೇ ಮೊದಲು ಕಾಣುತ್ತೆ.

ಹಲಗೆ ಸವೆಯುತ್ತೆ ಅನ್ನೋದನ್ನೂ ನೆನಪಿಡಿ. ‘ಮಹಾ ಅಲೆ’ಯ ಎಡಗಡೆ ಮೇಲೆ ಹೆಸರು ಬರೆದ ಪುಟ್ಟ ಚೌಕಟ್ಟಿದೆ. ಮೊದಮೊದಲ ಹಾಳೆಗಳಲ್ಲಿ ಅದರ ಗೆರೆ ಪೂರ್ತಿಯಾಗಿದೆ, ಹಲಗೆ ಸವೆದ ಮೇಲೆ ಬಂದವುಗಳಲ್ಲಿ ಮುರಿದಿದೆ. ಈ ಅಲೆ ಸೇರಿದ ಫ್ಯೂಜಿ ಬೆಟ್ಟದ ಸರಣಿಯಲ್ಲೇ ಇರುವ ‘ಕೆಂಪು ಫ್ಯೂಜಿ’ ಮೊದಲ ಹಾಳೆಗಳಲ್ಲಿ ಅಷ್ಟು ಕೆಂಪೇ ಅಲ್ಲ, ತಿಳಿ ಗುಲಾಬಿ. ತಿಳಿದವರು ಅವನ್ನು ‘ಗುಲಾಬಿ ಫ್ಯೂಜಿ’ ಅಂತ ಕರೆದು ಹೆಚ್ಚು ಬೆಲೆ ಕೊಡುತ್ತಾರೆ.

ಯಾವ ಕಾಲದಿಂದ ಶುರು ಮಾಡೋದು?

ಹಳೆಯ ಕಾಲ ಅಂದ್ರೆ ಎಡೊ ಕಾಲದ (1603-1868) ಮರದಚ್ಚು ಚಿತ್ರಗಳು, ಇವಕ್ಕೆ ‘ಉಕಿಯೊ-ಎ’ ಅಂತಾರೆ. ಪ್ರಕೃತಿ ದೃಶ್ಯಗಳಲ್ಲಿ ಇಬ್ಬರು ದೊಡ್ಡವರು. ಹೊಕುಸಾಯ್‌ನ ಫ್ಯೂಜಿ ಬೆಟ್ಟದ ಸರಣಿ 1830ರ ಆಸುಪಾಸಿನದು, ಹೆಸರಿಗೆ 36 ನೋಟಗಳು, ಜನ ಮುಗಿಬಿದ್ದು ಕೊಂಡಿದ್ದರಿಂದ ಇನ್ನೂ 10 ಸೇರಿ 46 ಆದವು. ಹಿರೊಶಿಗೆಯ ತೊಕಾಯ್ದೊ ಹೆದ್ದಾರಿಯ ಸರಣಿ 1833-34ರದು, 53 ತಂಗುದಾಣಗಳ ಜೊತೆ ಎರಡು ತುದಿ ಸೇರಿ 55 ಚಿತ್ರ. ಅವನ ಕೊನೆಗಾಲದ ಎಡೊ (ಇಂದಿನ ಟೋಕಿಯೊ) ನಗರದ ನೂರು ನೋಟಗಳು 1856ರಿಂದ 58ರ ನಡುವಿನವು. ಸೇತುವೆ ಮೇಲೆ ಮಳೆ ಸುರಿಯುವ ಚಿತ್ರವನ್ನು 1887ರಲ್ಲಿ ವ್ಯಾನ್ ಗಾಗ್ ಎಣ್ಣೆ ಬಣ್ಣದಲ್ಲಿ ನಕಲು ಮಾಡಿದನಲ್ಲ, ಅದು ಈ ಸರಣಿಯದೇ.

ಇವುಗಳ ಒಳ್ಳೆಯ ಹಾಳೆಗಳು ತುಂಬಾ ದುಬಾರಿ. ಅಗ್ಗಕ್ಕೆ ಸಿಗುವವು ಬಣ್ಣ ಮಾಸಿದವು, ಅಂಚು ಕತ್ತರಿಸಿದವು, ಹುಳ ತಿಂದವು. ಹೆಸರು ದೊಡ್ಡದು ಅಂತ ಅಂಥದ್ದನ್ನು ಮೊದಲ ಖರೀದಿಯಾಗಿ ಕೊಳ್ಳಬೇಡಿ. ಕಣ್ಣು ಪಳಗುವುದೇ ಒಳ್ಳೆಯ ಅಚ್ಚನ್ನು ಕೈಯಲ್ಲಿ ಹಿಡಿದು ನೋಡಿದಾಗ.

ನಾನಾದರೆ 20ನೇ ಶತಮಾನದ ‘ಶಿನ್ ಹಂಗಾ’ದಿಂದ, ಅಂದ್ರೆ ‘ಹೊಸ ಅಚ್ಚು ಚಿತ್ರ’ಗಳಿಂದ, ಶುರು ಮಾಡಿ ಅಂತೀನಿ. ಟೋಕಿಯೊದ ಪ್ರಕಾಶಕ ವತಾನಬೆ ಶೊಜಾಬುರೊ ಹಳೆಯ ನಾಲ್ಕು ಜನರ ಪದ್ಧತಿಯನ್ನು ಇಟ್ಟುಕೊಂಡು, ಹೊಸ ಕಲಾವಿದರಿಂದ ಬರೆಸಿದ. ಅವನಿಗೆ ಸಿಕ್ಕ ದೊಡ್ಡ ನಿಧಿ ಕವಾಸೆ ಹಸುಯಿ. 1883ರಲ್ಲಿ ಹುಟ್ಟಿ 1957ರಲ್ಲಿ ತೀರಿಕೊಂಡ ಹಸುಯಿ ಜಪಾನ್ ಪೂರ್ತಿ ಸುತ್ತಿ 600ಕ್ಕೂ ಹೆಚ್ಚು ಚಿತ್ರ ಮಾಡಿದ. ಹಿಮ ಬೀಳುವ ದೇವಸ್ಥಾನ, ಮಳೆ ನಿಂತ ಸಂಜೆಯ ಓಣಿ, ಬೆಳದಿಂಗಳಲ್ಲಿ ನಿಂತ ಪೈನ್ ಮರ. ಅವನ ಚಿತ್ರಗಳಲ್ಲಿ ಜನ ಕಡಿಮೆ, ಇದ್ದರೂ ಕೊಡೆ ಹಿಡಿದು ಬೆನ್ನು ತಿರುಗಿಸಿ ಹೋಗುವ ಒಬ್ಬರು. 1925ರ ಶಿಬಾದ ಜೊಜೊಜಿ ದೇವಸ್ಥಾನದ ಚಿತ್ರದಲ್ಲಿ ಕೆಂಪು ಕಟ್ಟಡದ ಮುಂದೆ ಓರೆಯಾಗಿ ಬೀಳುವ ಹಿಮವನ್ನು ನೋಡಿ, ಆ ಬಿಳಿಯಲ್ಲಿ ಬಹುಪಾಲು ಬಣ್ಣವೇ ಅಲ್ಲ, ಅಚ್ಚು ತಾಗದೆ ಬಿಟ್ಟ ಬರೀ ಕಾಗದ.

1923ರ ಸೆಪ್ಟೆಂಬರ್ 1ರ ಮಹಾ ಭೂಕಂಪ ಮತ್ತು ಬೆಂಕಿಯಲ್ಲಿ ವತಾನಬೆಯ ಅಂಗಡಿ, ಹಲಗೆಗಳು, ಮಾರದೆ ಉಳಿದ ಹಾಳೆಗಳು ಎಲ್ಲ ಸುಟ್ಟು ಹೋದವು. ಅದಕ್ಕೆ ಭೂಕಂಪಕ್ಕೆ ಮುಂಚಿನ ಹಸುಯಿ ಹಾಳೆ ಅಪರೂಪ, ಬೆಲೆಯೂ ಹಾಗೇ. ನಂತರದವು ಸಿಗುತ್ತವೆ.

ನಮ್ಮವರಿಗೆ ಇನ್ನೊಂದು ಹೆಸರು ಹತ್ತಿರ ಆಗಬೇಕು. ಯೊಶಿದಾ ಹಿರೊಶಿ, 1876ರಿಂದ 1950. ಈತ 1930-31ರಲ್ಲಿ ಮಗ ತೊಶಿಯನ್ನು ಕರೆದುಕೊಂಡು ಭಾರತ ಸುತ್ತಿದ. ಬೆಳದಿಂಗಳ ತಾಜ್ ಮಹಲ್, ಕಾಶಿಯ ಘಾಟ್, ಉದಯಪುರದ ಕೆರೆ ಅರಮನೆ, ಎಲ್ಲೋರದ ಕೈಲಾಸ, ಮಧುರೆಯ ದೇವಸ್ಥಾನ, ಡಾರ್ಜಿಲಿಂಗ್‌ನಿಂದ ಕಾಂಚನಗಂಗಾ, ಇವೆಲ್ಲ ಜಪಾನಿ ಮರದಚ್ಚಿನಲ್ಲಿ ಇವೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಈತ ಕೆತ್ತುವವರನ್ನೂ ಅಚ್ಚಿನವರನ್ನೂ ತಾನೇ ಇಟ್ಟುಕೊಂಡು ಮೇಲೆ ನಿಂತು ಮಾಡಿಸುತ್ತಿದ್ದ. ಒಂದೇ ಹಲಗೆಗಳಿಗೆ ಬೇರೆ ಬಣ್ಣ ಕೊಟ್ಟು ಹಾಯಿದೋಣಿಗಳ ಬೆಳಗು, ಮಂಜು, ಸಂಜೆ, ರಾತ್ರಿ ತಂದಿದ್ದಾನೆ. ಒಂದು ಹಾಳೆ 30 ಸಲಕ್ಕಿಂತ ಜಾಸ್ತಿ ಹಲಗೆಯಿಂದ ಹಲಗೆಗೆ ಹೋಗುವುದು ಇವನಲ್ಲಿ ಸಾಮಾನ್ಯ.

ಬಜೆಟ್ ಕಮ್ಮಿ ಇದ್ದರೆ ತ್ಸುಚಿಯಾ ಕೊಇತ್ಸು, ಅಸಾನೊ ತಾಕೆಜಿ, ರಾತ್ರಿ ದೃಶ್ಯಗಳ ಶೊದಾ ಕೊಹೊ, ಇವರನ್ನು ಹುಡುಕಿ. ಹಸುಯಿಗಿಂತ ಇವರು ಸಾಮಾನ್ಯವಾಗಿ ಅಗ್ಗ.

ಮುದ್ರೆಗಳನ್ನು ಓದಿ, ಆದರೆ ಪೂರ್ತಿ ನಂಬಬೇಡಿ

ಹಾಳೆಯ ಮೇಲೆ ಕಲಾವಿದನ ಸಹಿ, ಮುದ್ರೆಯ ಜೊತೆ ಪ್ರಕಾಶಕನ ಮುದ್ರೆಯೂ ಇರುತ್ತೆ. ವಯಸ್ಸು ಹೇಳುವುದು ಹೆಚ್ಚಾಗಿ ಪ್ರಕಾಶಕನದ್ದು. ಹಸುಯಿ ಹಾಳೆಗಳಲ್ಲಿ ಎರಡನೇ ಮಹಾಯುದ್ಧಕ್ಕೆ ಮುಂಚಿನವಕ್ಕೆ ಅಂಚಿನಲ್ಲಿ ಹಕ್ಕು ಕಾದಿರಿಸಿದೆ ಅನ್ನುವ ಉದ್ದನೆ ಚೌಕ ಮುದ್ರೆ ಸಿಗುತ್ತೆ, ಯುದ್ಧ ಮುಗಿದ ಮೇಲಿನವಕ್ಕೆ ಚಿತ್ರದ ಕೆಳ ಮೂಲೆಯಲ್ಲಿ 6 ಮಿಲಿಮೀಟರಿನ ಪುಟ್ಟ ದುಂಡು ಮುದ್ರೆ. ಹಸುಯಿ ತೀರಿಕೊಂಡ ಮೇಲೂ ವತಾನಬೆ ಅಂಗಡಿ ಅಚ್ಚು ಹಾಕುವುದನ್ನು ನಿಲ್ಲಿಸಲಿಲ್ಲ. ಆ ನಂತರದ ಹಾಳೆಗಳು ನಕಲಿ ಅಲ್ಲ, ಚೆನ್ನಾಗಿಯೂ ಇವೆ, ಗೋಡೆಗೆ ಹಾಕಲು ಧಾರಾಳವಾಗಿ ಕೊಳ್ಳಿ. ಆದರೆ ಕಲಾವಿದ ಬದುಕಿದ್ದಾಗಿನ ಹಾಳೆಯ ಬೆಲೆ ಕೊಡಬೇಡಿ.

ಯೊಶಿದಾದಲ್ಲಿ ಎಡ ಅಂಚಿನ ‘ಜಿಜುರಿ’ ಮುದ್ರೆ ನೋಡಿ. ತನ್ನ ಕಣ್ಣೆದುರು ಅಚ್ಚಾಯಿತು ಅನ್ನುವುದಕ್ಕೆ ಅವನು ಹಾಕುತ್ತಿದ್ದ ಗುರುತು ಅದು. ಪೆನ್ಸಿಲ್‌ನಲ್ಲಿ ಮಾಡಿದ ಇಂಗ್ಲಿಷ್ ಸಹಿ ಇದ್ದರೆ ಇನ್ನೂ ಒಳ್ಳೆಯದು. ಅವನು ಹೋದ ಮೇಲಿನ ಹಾಳೆಗಳಲ್ಲಿ ಪೆನ್ಸಿಲ್ ಬದಲು ಅಚ್ಚಿನ ಸಹಿ ಇರುತ್ತೆ.

ಎಡೊ ಕಾಲದವಕ್ಕೆ ಸರ್ಕಾರದ ಪರಿಶೀಲನೆ ಮುದ್ರೆ ಇರುತ್ತಿತ್ತು. 1842ರವರೆಗೆ ಒಂದೇ ಅಕ್ಷರದ ದುಂಡು ‘ಕಿವಾಮೆ’. ಆಮೇಲೆ ಪದ್ಧತಿ ಬದಲಾಗಿ, ವರ್ಷದ ಪ್ರಾಣಿ ಮತ್ತು ತಿಂಗಳು ಹೇಳುವ ಮುದ್ರೆಗಳೂ ಬಂದವು. 1857 ಹಾವಿನ ವರ್ಷ, ಆ ವರ್ಷದ ಹಿರೊಶಿಗೆ ಹಾಳೆಗಳಲ್ಲಿ ಅದು ಕಾಣುತ್ತೆ. ಆದರೆ ಹೊಸದಾಗಿ ಕೆತ್ತಿ ನಕಲು ಮಾಡುವವರು ಈ ಮುದ್ರೆಗಳನ್ನೂ ಹಾಗೆಯೇ ಕೆತ್ತುತ್ತಾರೆ. ಆದ್ದರಿಂದ ಮುದ್ರೆ ಒಂದನ್ನೇ ನೋಡಿ ತೀರ್ಮಾನ ಮಾಡುವ ಹಾಗಿಲ್ಲ.

ಹಾಳೆಯ ಬೆನ್ನು ನೋಡಿ

ಮಾರುವವರ ಹತ್ತಿರ ಬೆನ್ನಿನ ಫೋಟೊ ಕೇಳಿ. ಕೊಡದಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಕೈಯಲ್ಲಿ ಅಚ್ಚಾದ ವಾಶಿ ಹಾಳೆಯಲ್ಲಿ ಬಣ್ಣ ಕಾಗದದ ಒಳಗೆ ಇಳಿದು ಹಿಂದೆ ಮಸುಕಾಗಿ ಕಾಣುತ್ತೆ, ಬಾರೆನ್ ಉಜ್ಜಿದ ಸುತ್ತು ಗುರುತುಗಳೂ ಕಾಣುತ್ತವೆ. ಭೂತಗನ್ನಡಿ ಹಿಡಿದಾಗ ಬಣ್ಣ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದರೆ ಅದು ಯಂತ್ರದಲ್ಲಿ ಅಚ್ಚಾದ ಪೋಸ್ಟರ್, ಎಷ್ಟೇ ಚೆನ್ನಾಗಿದ್ದರೂ ಮರದಚ್ಚಲ್ಲ.

ದೀಪವನ್ನು ಪಕ್ಕದಿಂದ ಹಿಡಿಯಿರಿ. ಕಾಗದ ಒತ್ತಿ ತಗ್ಗಾದ ಜಾಗ, ಹಳೇ ಮಡಿಕೆ, ತೇಪೆ ಎಲ್ಲ ಎದ್ದು ಕಾಣುತ್ತವೆ. ಅಳತೆಯನ್ನೂ ಹಾಕಿ. ಸಾಮಾನ್ಯ ‘ಓಬಾನ್’ ಹಾಳೆ ಸುಮಾರು 39 ಸೆಂಟಿಮೀಟರ್ ಉದ್ದ, 26 ಅಗಲ. ಇದಕ್ಕಿಂತ ತುಂಬಾ ಚಿಕ್ಕದಾಗಿದ್ದರೆ ಅಂಚು ಕತ್ತರಿಸಿರಬಹುದು ಅಥವಾ ಅದು ಚಿಕ್ಕ ಅಳತೆಯ ಮರುಮುದ್ರಣ ಇರಬಹುದು. ಮೌಂಟಿನ (ಫ್ರೇಮಿನೊಳಗೆ ಚಿತ್ರದ ಸುತ್ತ ಹಾಕುವ ರಟ್ಟಿನ) ಕಿಟಕಿಯ ಆಕಾರದಲ್ಲಿ ಕಂದು ಗೆರೆ, ಹಿಂದೆ ಸೆಲ್ಲೋಟೇಪಿನ ಹಳದಿ ಕಲೆ, ಇವು ಎರಡೂ ಬೆಲೆ ಇಳಿಸುವ ದೋಷಗಳು. ಚೌಕಾಸಿ ಮಾಡಿ, ಅಥವಾ ಬಿಡಿ.

ಹೋಲಿಸಿ ನೋಡಲು ದುಡ್ಡು ಬೇಡ. ಬಾಸ್ಟನ್ನಿನ ಕಲಾ ಮ್ಯೂಸಿಯಂ, ಚಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟ್ ಇವುಗಳ ಸಂಗ್ರಹ ಆನ್‌ಲೈನ್‌ನಲ್ಲಿ ದೊಡ್ಡದಾಗಿ ನೋಡಲು ಸಿಗುತ್ತೆ. ‘ಉಕಿಯೊ-ಎ ಡಾಟ್ ಆರ್ಗ್’ ತಾಣದಲ್ಲಿ ಒಂದು ಫೋಟೊ ಹಾಕಿದರೆ ಅದೇ ಚಿತ್ರದ ಬೇರೆ ಬೇರೆ ಮ್ಯೂಸಿಯಂಗಳ ಹಾಳೆಗಳನ್ನು ಪಕ್ಕಪಕ್ಕ ತೋರಿಸುತ್ತೆ. ಕೊಳ್ಳುವುದಕ್ಕೆ ಮುಂಚೆ ಗೆರೆ ಗೆರೆ ಹೋಲಿಸಿ. ಬೇರೆ ಹಲಗೆಯಾದರೆ ಎಲ್ಲೋ ಒಂದು ಕೊಂಬೆ, ಒಂದು ಅಲೆಯ ತುದಿ ತಪ್ಪಿರುತ್ತೆ.

ಎಲ್ಲಿ ಕೊಳ್ಳೋದು

ಟೋಕಿಯೊಗೆ ಹೋಗುವ ಅವಕಾಶ ಇದ್ದರೆ ಹಳೇ ಪುಸ್ತಕಗಳ ಬೀದಿ ಜಿಂಬೊಚೊಗೆ ಹೋಗಿ. ಅಲ್ಲಿನ ಮರದಚ್ಚು ಅಂಗಡಿಗಳಲ್ಲಿ ಹಾಳೆಗಳನ್ನು ಎದುರಿಗಿಟ್ಟುಕೊಂಡು ನೋಡಬಹುದು, ಕೊಳ್ಳದಿದ್ದರೂ ಕಲಿಯುವುದು ಜಾಸ್ತಿ. ವತಾನಬೆಯವರ ಅಂಗಡಿ ಗಿನ್ಜಾದಲ್ಲಿದೆ. ಹರಾಜುಕು ಹತ್ತಿರದ ಓಟಾ ಮ್ಯೂಸಿಯಂನಲ್ಲಿ ಉಕಿಯೊ-ಎ ಮಾತ್ರ ಇಡುತ್ತಾರೆ.

ಮನೆಯಿಂದ ಕೊಳ್ಳುವವರಿಗೆ ಮೊದಲೆರಡು ಹಾಳೆ ವಾಪಸ್ ತಗೊಳ್ಳುವ ಭರವಸೆ ಬರೆದು ಕೊಡುವ ಅಂಗಡಿಯಿಂದಲೇ ಇರಲಿ. ಸ್ವಲ್ಪ ಜಾಸ್ತಿ ಆಗುತ್ತೆ, ಪರವಾಗಿಲ್ಲ. ಜಪಾನಿನ ಯಾಹೂ ಹರಾಜಿನಲ್ಲಿ ಬೆಲೆ ಕಡಿಮೆ, ಆದರೆ ನಿಮ್ಮ ಪರವಾಗಿ ಕೂಗುವ ಮಧ್ಯವರ್ತಿ ಸೇವೆ ಬೇಕು, ಜಪಾನಿ ಭಾಷೆಯ ವಿವರಣೆಯನ್ನು ಅನುವಾದಿಸಿ ಓದಬೇಕು. ಮೂರು ಮಾತು ಕಲಿತಿದ್ದರೆ ಸಾಕಷ್ಟು ಕೆಲಸ ಆಗುತ್ತೆ: ‘ಶೊಜುರಿ’ ಅಂದ್ರೆ ಮೊದಲ ಅಚ್ಚು, ‘ಅತೊಜುರಿ’ ಅಂದ್ರೆ ಅದೇ ಹಲಗೆಯ ತಡವಾದ ಅಚ್ಚು, ‘ಫುಕ್ಕೊಕು’ ಅಂದ್ರೆ ಹೊಸದಾಗಿ ಕೆತ್ತಿದ ಮರುಮುದ್ರಣ.

ಭಾರತಕ್ಕೆ ತರಿಸುವಾಗ ಕಸ್ಟಮ್ಸ್ ಸುಂಕ ಮತ್ತು ತೆರಿಗೆಯನ್ನೂ ಬಜೆಟ್‌ಗೆ ಸೇರಿಸಿ. ಬಿಲ್ಲಿನಲ್ಲಿ ಕೈಯಿಂದ ಅಚ್ಚಾದ ಮರದಚ್ಚು ಚಿತ್ರ ಅಂತ, ಕಲಾವಿದನ ಹೆಸರು, ವರ್ಷ, ನಿಜವಾದ ಬೆಲೆ ಸಮೇತ ಬರೆಸಿ. ಕೊಳವೆಯಲ್ಲಿ ಸುತ್ತಿ ಕಳಿಸಬೇಡಿ, ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿ ಕಳಿಸಿ ಅಂತ ಮೊದಲೇ ಹೇಳಿ.

ಮನೆಗೆ ಬಂದ ಮೇಲೆ

ಬೆಳಕು ಇವುಗಳ ದೊಡ್ಡ ಶತ್ರು. ಹಳೆಯ ಹಾಳೆಗಳ ಕುಸುಬೆ ಹೂವಿನ ಕೆಂಪು, ಗಿಡದಿಂದ ತೆಗೆದ ನೀಲಿ, ನೇರಳೆ ಬೇಗ ಮಾಸುತ್ತವೆ. ಯುರೋಪಿನಿಂದ ಬಂದ ಪ್ರಷ್ಯನ್ ನೀಲಿ ಗಟ್ಟಿ, ಹೊಕುಸಾಯ್ ಅಲೆಗಳು ಇವತ್ತೂ ಆ ನೀಲಿಯಲ್ಲೇ ನಿಂತಿವೆ. ಸಂಗ್ರಾಹಕರಾದ ಸ್ಪಾಲ್ಡಿಂಗ್ ಸಹೋದರರು 1921ರಲ್ಲಿ ಸುಮಾರು 6,500 ಹಾಳೆಗಳನ್ನು ಬಾಸ್ಟನ್ ಮ್ಯೂಸಿಯಂಗೆ ಕೊಟ್ಟಾಗ ಇವನ್ನು ಯಾವತ್ತೂ ಪ್ರದರ್ಶನಕ್ಕೆ ಇಡಬಾರದು ಅಂತ ಷರತ್ತು ಹಾಕಿದ್ದರು. ಅದರಿಂದ ಆ ಬಣ್ಣಗಳು ಇವತ್ತೂ ತಾಜಾ ಇವೆ. ನಾವು ಅಷ್ಟು ಕಟ್ಟುನಿಟ್ಟಾಗಿ ಇರಬೇಕಿಲ್ಲ. ಬಿಸಿಲು ಬೀಳದ ಗೋಡೆ, ನೇರಳಾತೀತ ಕಿರಣ ತಡೆಯುವ ಅಕ್ರಿಲಿಕ್, ಕೆಲವು ತಿಂಗಳಿಗೊಮ್ಮೆ ಹಾಳೆ ಬದಲಿಸುವುದು, ಇಷ್ಟಾದರೂ ಮಾಡೋಣ.

ಫ್ರೇಮ್ ಅಂಗಡಿಯವರಿಗೆ ಗಟ್ಟಿಯಾಗಿ ಹೇಳಬೇಕಾದದ್ದು ಇದೆ. ಫೆವಿಕಾಲ್ ಬೇಡ, ಟೇಪ್ ಬೇಡ, ಅಂಚು ಕತ್ತರಿಸಬೇಡಿ, ಆಮ್ಲರಹಿತ ಮೌಂಟ್ ಹಾಕಿ, ಹಾಳೆ ಗಾಜಿಗೆ ತಾಗದಂತೆ ಇರಲಿ. ಹಾಳೆಯನ್ನು ಮೇಲಿನ ಎರಡು ಕಡೆ ಮಾತ್ರ, ಜಪಾನಿ ಕಾಗದದ ಪಟ್ಟಿ ಮತ್ತು ಗೋಧಿ ಗಂಜಿಯ ಅಂಟಿನಿಂದ ಹಿಡಿಸಬೇಕು.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮಳೆಗಾಲದಲ್ಲಿ ಇನ್ನೂ ಜಾಗ್ರತೆ. ತೇವದ ಗೋಡೆಗೆ ತೂಗಿದ ಫ್ರೇಮಿನೊಳಗೆ ಬೂಷ್ಟು ಬರುತ್ತೆ, ಕಂದು ಚುಕ್ಕಿ ಏಳುತ್ತೆ. ಜೂನ್ ಬರುವ ಮುಂಚೆ ಹಾಳೆಗಳನ್ನು ಇಳಿಸಿ, ಆಮ್ಲರಹಿತ ಫೋಲ್ಡರ್‌ಗಳಲ್ಲಿ ಮಲಗಿಸಿ, ಗಾಳಿಯಾಡುವ ಕಪಾಟಿನ ಮೇಲಿನ ಅಂತಸ್ತಿನಲ್ಲಿಡಿ. ಪಕ್ಕದಲ್ಲಿ ಸಿಲಿಕಾ ಜೆಲ್ ಮತ್ತು ಒಂದು ಸಣ್ಣ ತೇವಮಾಪಕ ಇರಲಿ. ಅದು ಶೇಕಡಾ 50ರ ಆಸುಪಾಸಿನಲ್ಲಿದ್ದರೆ ನೆಮ್ಮದಿ, 65 ದಾಟಿದರೆ ಜೆಲ್ ಬದಲಾಯಿಸಿ. ಪ್ರತಿ ಫೋಲ್ಡರ್ ಒಳಗೆ ಬಿಲ್ಲಿನ ಪ್ರತಿ, ಮುದ್ರೆಗಳ ಫೋಟೊ, ಕೊಂಡ ದಿನದ ಸ್ಥಿತಿಯ ಟಿಪ್ಪಣಿ ಒಂದು ಲಕೋಟೆಯಲ್ಲಿರಲಿ, ಹಾಳೆಗೆ ತಾಗದ ಹಾಗೆ.