ಇಳಿಯೋ ದಾರಿ ನೋಡಿ ಗಡ ಹತ್ತಿ

ಜೂನ್ ಬಂತೆಂದರೆ ಹುಬ್ಬಳ್ಳಿ, ಧಾರವಾಡ, ಬೆಂಗಳೂರಿನ ನಮ್ಮ ಮಂದಿಯಿಂದ ನನ್ನ ಫೋನಿಗೆ ಒಂದೇ ನಮೂನೆಯ ವಿಡಿಯೊ ಬರತೊಡಗುತ್ತವೆ. ಹಸಿರು ಗುಡ್ಡ, ಮೋಡ, ಕಡಿದಾದ ಅಂಚಿನಲ್ಲಿ ಕೈಚಾಚಿ ನಿಂತ ಹುಡುಗ. ಕೆಳಗೆ ಅಕ್ಕನ ಮಗನ ಒಂದು ಸಾಲು: "ಮೌಶಿ, ಈ ಸಲ ಇಲ್ಲಿಗೇ ಹೋಗೋಣು." ನಾನು ಪುಣೆಯ ಕೊಥರೂಡಿಗೆ ಬಂದು 29 ವರ್ಷವಾಯಿತು, ಗಡ, ಅಂದರೆ ಇಲ್ಲಿಯ ಗುಡ್ಡದ ಕೋಟೆ, ಹತ್ತಲು ಶುರುಮಾಡಿ 15 ವರ್ಷ. ಎಲ್ಲರಿಗೂ ನನ್ನದು ಒಂದೇ ಪ್ರಶ್ನೆ: "ಹತ್ತೋದು ಇರಲಿ, ಇಳಿಯೋದು ಹ್ಯಾಂಗ?"

ಈ ಪ್ರಶ್ನೆ ನನಗೆ ಪುಕ್ಕಟೆ ಸಿಕ್ಕಿದ್ದಲ್ಲ. ಒಂದು ಮಾರ್ಚ್ ತಿಂಗಳು ಪುಣೆ ಹತ್ತಿರದ ಸಿಂಹಗಡ ಇಳಿಯುವಾಗ, ಇನ್ನೇನು ಬುಡ ಬಂತು ಎನ್ನುವಲ್ಲಿ, ಗರಸಿನ ಮೇಲೆ ಕಾಲು ಜಾರಿ ಮಣಿಕಟ್ಟು ಮುರಿದುಕೊಂಡೆ. ಆರು ವಾರ ಪ್ಲಾಸ್ಟರ್. ಅಷ್ಟೂ ದಿನ ರೊಟ್ಟಿ ಬಡಿಯುವುದು ನಮ್ಮ ಮನೆಯವರ ಪಾಲಿಗೆ ಬಂತು. ಅವರು ಬಡಿದ ಬಿಸಿರೊಟ್ಟಿಯೂ ಖಡಕ್ ರೊಟ್ಟಿಯೇ ಆಗುತ್ತಿತ್ತು, ಆ ಮಾತು ಬೇರೆ.

ಕುಮಾರ ಪರ್ವತ, ಕೊಡಚಾದ್ರಿ ಹತ್ತಿ ಬಂದವರು ಒಂದು ತಿಳಿದುಕೊಳ್ಳಬೇಕು. ಅಲ್ಲಿ ದಾರಿಯ ಒಂದಷ್ಟು ಭಾಗ ಕಾಡಿನ ನೆರಳು ಇರುತ್ತದೆ, ಕಾಲಿಗೆ ಮಣ್ಣು, ಬೇರು ಸಿಗುತ್ತವೆ. ಪುಣೆ ಸುತ್ತಲಿನ ಗಡಗಳು ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಕರಿಗಲ್ಲಿನವು. ಒಂದು ಗೋಡೆ, ಒಂದು ಸಪಾಟು, ಮತ್ತೊಂದು ಗೋಡೆ, ಹೀಗೆ ಮೆಟ್ಟಿಲಿನಂತೆ ಇರುತ್ತವೆ. ಮಳೆಗಾಲದಲ್ಲಿ ಆ ಕಲ್ಲಿಗೆ ಪಾಚಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಅದರ ಮೇಲೆ ಸಣ್ಣ ಗರಸು ಕೂತು, ನೆಲದ ಮೇಲೆ ಜೋಳ ಚೆಲ್ಲಿದ ಹಾಗಾಗುತ್ತದೆ. ಇಲ್ಲಿಯ ಮಂದಿ ಇದಕ್ಕೆ ಘಸಾರಾ ಎನ್ನುತ್ತಾರೆ. "ಪುಢೇ ಘಸಾರಾ ಆಹೇ", ಅಂದರೆ ಮುಂದೆ ಘಸಾರಾ ಇದೆ, ಎಂದು ಯಾರಾದರೂ ಹೇಳಿದರೆ ಮಾತು ನಿಲ್ಲಿಸಿ ನೆಲ ನೋಡಿ. ನನ್ನ ಕೇಳಿದರೆ ಅಕ್ಟೋಬರ್ ನಡುವಿನಿಂದ ಫೆಬ್ರುವರಿವರೆಗೆ ಬರುವುದು ಒಳ್ಳೆಯದು. ಹಸಿರು ಸ್ವಲ್ಪ ಕಮ್ಮಿ, ಆದರೆ ಮೋಡದ ಬದಲು ಗುಡ್ಡ ಕಾಣುತ್ತದೆ.

ಮೊದಲ ದಿನ ಪರೀಕ್ಷೆಗೆಂದು ಸಿಂಹಗಡ, ಅದೂ ವಾರದ ನಡುವೆ. ಶನಿವಾರ, ಭಾನುವಾರ ಅಲ್ಲಿ ಪುಣೆಯ ತುಳಸಿಬಾಗ ಪೇಟೆಯಷ್ಟೇ ಗರ್ದಿ. ಪುಣೆಯ ಸ್ವಾರಗೇಟಿನಿಂದ ಪಿಎಂಪಿಎಂಎಲ್ ಸಿಟಿ ಬಸ್ಸು ಗುಡ್ಡದ ಬುಡಕ್ಕೆ, ಆತಕರವಾಡಿಯ ಹತ್ತಿರ, ಬಿಡುತ್ತದೆ. ಗಡದ ತಲೆ ಸಮುದ್ರಮಟ್ಟದಿಂದ ಸುಮಾರು 1,312 ಮೀಟರ್. ರೂಢಿ ಇಲ್ಲದವರಿಗೆ ಹತ್ತಲು ಒಂದೂವರೆ ತಾಸು ಬೇಕು. 1670ರಲ್ಲಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ರಾತ್ರೋರಾತ್ರಿ ಹತ್ತಿದ್ದು ಈ ದಾರಿಯಿಂದಲ್ಲ, ಕಡಿದಾದ ಕಲ್ಲಿನ ಕಡೆಯಿಂದ. ನೀವು ಸುಮ್ಮನೆ ದಾರಿಯಿಂದಲೇ ಹೋಗಿ. ಮೇಲೆ ಪಿಠಲೆ-ಭಾಕ್ರಿ ಸಿಗುತ್ತದೆ, ಅಂದರೆ ನಮ್ಮ ಝುಣಕ-ರೊಟ್ಟಿಯೇ. ಮಣ್ಣಿನ ಕುಡಿಕೆಯ ಮೊಸರು ಬಿಡಬೇಡಿ. ಆದರೆ ಹೊಟ್ಟೆ ಬಿರಿಯುವಂತೆ ತಿನ್ನಬೇಡಿ, ಪರೀಕ್ಷೆ ಇನ್ನೂ ಮುಗಿದಿಲ್ಲ.

ಇಳಿಯುವಾಗ ಗಡಿಯಾರ ನೋಡಿಕೊಳ್ಳಿ. ಹತ್ತಲು ಹಿಡಿದದ್ದಕ್ಕಿಂತ ಇಳಿಯಲು ಹೆಚ್ಚು ಹೊತ್ತು ಬೇಕಾದರೆ, ಅಥವಾ ಬುಡಕ್ಕೆ ಬಂದಾಗ ಮೊಣಕಾಲು ಥರಥರ ಎಂದರೆ, ಈ ಸಲ ಕಠಿಣವಾದ ರಾಜಗಡದ ಮಾತು ಬೇಡ. ಸುಲಭದ ಲೋಹಗಡ, ರಾಜಮಾಚಿಯೇ ಸಾಕು. ಬೇಸರ ಮಾಡಿಕೊಳ್ಳುವಂಥದ್ದೇನಿಲ್ಲ, ಅವೇನು ಕಡಿಮೆ ಚೆಂದದವಲ್ಲ.

ಇಳಿಯುವ ರೀತಿ ಹೇಳಿಬಿಡುತ್ತೇನೆ. ಹಿಂದಿನ ರಾತ್ರಿ ಕಾಲಿನ ಉಗುರು ಕತ್ತರಿಸಿ. ಇಳಿಯುವ ಮುಂಚೆ ಬೂಟಿನ ಲೇಸು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಬೆರಳು ಮುಂದೆ ಬಡಿದು ಉಗುರು ಕಪ್ಪಾಗುತ್ತದೆ. ಮೊಣಕಾಲು ತುಸು ಮಡಚಿ, ಹೆಜ್ಜೆ ಸಣ್ಣದಿರಲಿ. ಪಾದ ಗಟ್ಟಿಯಾಗಿ ಕೂತ ಮೇಲೆಯೇ ಮೈಭಾರ ಹಾಕಿ. ಗರಸು ಇದ್ದಲ್ಲಿ ಪಾದ ಅಡ್ಡ ಇಡಿ. ಪಕ್ಕದ ಒಣ ಕಾರ್ವಿ ಗಿಡದ ಕಡ್ಡಿ ಹಿಡಿದು ಜೋತುಬೀಳಬೇಡಿ, ಅದು ಕೈಯಲ್ಲೇ ಮುರಿಯುತ್ತದೆ. ನೇರ ಬಂಡೆ ಇದ್ದರೆ ಏಣಿ ಇಳಿದ ಹಾಗೆ ಬಂಡೆಗೆ ಮುಖ ಮಾಡಿ ಇಳಿಯಿರಿ. ಅಗತ್ಯ ಬಿದ್ದಲ್ಲಿ ಕೂತು ಜರುಗಿ. ಪ್ಯಾಂಟು ಹರಿದರೆ ಹೊಲಿಯಬಹುದು.

ಬೂಟಿನ ವಿಷಯದಲ್ಲಿ ಅಂಗಡಿಯವನ ಮಾತು ನಂಬಬೇಡಿ. ತಂದ ಕೂಡಲೆ ಬಟ್ಟೆ ಒಗೆಯುವ ಕಲ್ಲಿಗೆ ನೀರು ಸುರಿದು ಅದರ ಮೇಲೆ ನಿಂತು ನೋಡಿ. ಅಲ್ಲಿ ಜಾರುವ ಬೂಟು ಗಡದ ಮೇಲೂ ಜಾರುತ್ತದೆ.

ಲೋಹಗಡಕ್ಕೆ ಪುಣೆ-ಲೋಣಾವಳಾ ಲೋಕಲ್ ಹತ್ತಿ ಮಳವಲಿಯಲ್ಲಿ ಇಳಿಯಿರಿ. ಮಧ್ಯಾಹ್ನದ ಹೊತ್ತು ಲೋಕಲ್‌ಗಳು ವಿರಳ, ಆದ್ದರಿಂದ ವಾಪಸು ಗಾಡಿಯ ವೇಳೆ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ದಾರಿಯಲ್ಲಿ ಭಾಜೆಯ ಬೌದ್ಧ ಗುಹೆಗಳಿವೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ಅಲ್ಲಿಂದ ಲೋಹಗಡವಾಡಿ, ಆಮೇಲೆ ಮೆಟ್ಟಿಲು, ಒಂದರ ಮೇಲೊಂದು ನಾಲ್ಕು ದರವಾಜೆ. ಬಾಲದಂತೆ ಉದ್ದಕ್ಕೆ ಚಾಚಿದ ವಿಂಚೂ ಕಾಟಾ ಎಂಬ ಗುಡ್ಡದ ಏಣಿನ ತುದಿಯವರೆಗೆ ಹೋಗಿ ಬನ್ನಿ. ಎದುರಿಗೆ ಕಾಣುವ ವಿಸಾಪುರಕ್ಕೆ ಮಳೆಗಾಲದಲ್ಲಿ ಹುಡುಗರು ನೀರು ಧುಮುಕುವ ಮೆಟ್ಟಿಲುಗಳಲ್ಲೇ ಹತ್ತುತ್ತಾರೆ. ಅದೇ ದಾರಿ ಇಳಿಯಬೇಕಲ್ಲ, ಹಾಗಾಗಿ ಆ ಕಡೆ ನಾನು ಕರೆದೊಯ್ಯುವುದಿಲ್ಲ.

ನನಗೆ ಎಲ್ಲಕ್ಕಿಂತ ಪ್ರೀತಿಯದು ರಾಜಮಾಚಿ. ಲೋಣಾವಳಾದಿಂದ ತುಂಗಾರ್ಲಿ ಮೂಲಕ ಸುಮಾರು 15 ಕಿಲೋಮೀಟರ್. ಏರು ಕಡಿಮೆ, ನಡೆದಷ್ಟೂ ನಡೆಯುವ ದಾರಿ. ಆರು ತಾಸು ಹಿಡಿದರೂ ಅವಸರ ಬೇಡ. ಕೊನೆಗೆ ಉಧೇವಾಡಿ ಎಂಬ ಸಣ್ಣ ಊರು. ಅದರ ನೆತ್ತಿಯ ಮೇಲೆ ಶ್ರೀವರ್ಧನ, ಮನರಂಜನ ಎಂಬ ಎರಡು ಕೋಟೆ, ನಡುವೆ ಭೈರವನಾಥನ ಗುಡಿ. ಊರ ಮನೆಗಳಲ್ಲಿ ಊಟ, ವಸತಿ ಸಿಗುತ್ತದೆ, ಮುಂಚೆ ಫೋನ್ ಮಾಡಿರಬೇಕು. ನಾನು ಉಳಿಯುವ ಮನೆಯ ಕಾಕೂಗೆ ಪ್ರತಿ ಸಲ ಶೇಂಗಾ ಹೋಳಿಗೆ ಒಯ್ಯುತ್ತೇನೆ. ನಮ್ಮ ಕೆಂಪು ಖಾರದ ಚಟ್ನಿ ಕಂಡರೆ ಮಾತ್ರ ಆಕೆ ಕೈಮುಗಿಯುತ್ತಾಳೆ. ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ಇಲ್ಲಿ ಮರಕ್ಕೆ ಮರವೇ ಮಿಂಚುಹುಳದಿಂದ ಹೊತ್ತಿ ಆರುತ್ತದೆ. ಟಾರ್ಚನ್ನು ಮರದ ಕಡೆ ಹಿಡಿಯಬೇಡಿ, ನೆಲದ ಕಡೆ ಹಿಡಿಯಿರಿ.

ರಾಜಮಾಚಿಯಿಂದ ಕೊಂದಿವಡೆ ಕಡೆಗೂ ಒಂದು ದಾರಿ ಇಳಿಯುತ್ತದೆ. ನಡುವೆ ಕೊಂಡಾಣೆಯ ಗುಹೆಗಳು, ಕೆಳಗೆ ಕರ್ಜತಕ್ಕೆ ಟಮ್‌ಟಮ್. ಒಣ ದಿನಗಳಲ್ಲಿ ಒಳ್ಳೆಯ ದಾರಿ. ಮಳೆಯಲ್ಲಾದರೆ ಬಂದ ದಾರಿಯಲ್ಲೇ ತಿರುಗಿ. ಎಲ್ಲಾದರೂ ಹಳ್ಳ ಉಕ್ಕಿದ್ದರೆ ದಾಟುವ ಹುಂಬತನ ಬೇಡ. ಮಳೆ ನಿಂತ ಮೇಲೆ ನೀರು ಇಳಿಯುತ್ತದೆ, ಅಲ್ಲಿಯವರೆಗೆ ಕೂತು ರೊಟ್ಟಿ ತಿನ್ನಿ. ಹೊರಡುವ ಮುಂಚೆ ಜಿಲ್ಲಾಡಳಿತ ಗಡಗಳಿಗೆ ನಿರ್ಬಂಧ ಹಾಕಿದೆಯೋ ಎಂದೂ ನೋಡಿ, ಮಳೆಗಾಲದಲ್ಲಿ ಅದು ಇದ್ದದ್ದೇ.

ಸಿಂಹಗಡದ ಪರೀಕ್ಷೆ ಪಾಸಾದವರಿಗೆ ರಾಜಗಡ. ರಾಯಗಡಕ್ಕೂ ಮುಂಚೆ ಶಿವಾಜಿ ಮಹಾರಾಜರ ರಾಜಧಾನಿ ಇದು. 2025ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ 12 ಕೋಟೆಗಳಲ್ಲಿ ಇದೂ ಒಂದು, ಲೋಹಗಡವೂ ಒಂದು. ಗುಂಜವಣೆ ಊರಿನಿಂದ ಹತ್ತಿದರೆ ಚೋರ್ ದರವಾಜೆ. ಕೊನೆಯ ತುಂಡು ಬಂಡೆ, ಪಕ್ಕಕ್ಕೆ ಕಂಬಿ. ಹತ್ತುವಾಗ ಅದು ಆಟ, ಮಂದಿ ಎದುರು ಬರುತ್ತಿರುವಾಗ ಇಳಿಯುವುದು ಪೇಚಾಟ. ಮೊದಲ ಸಲ ಬರುವವರನ್ನು ನಾನು ಪಾಲಿ ದರವಾಜೆಯಿಂದಲೇ ಹತ್ತಿಸಿ ಇಳಿಸುತ್ತೇನೆ, ಅಗಲ ಮೆಟ್ಟಿಲಿನ ದಾರಿ. ಮೇಲೆ ಪದ್ಮಾವತಿ, ಸುವೇಳಾ, ಸಂಜೀವನಿ ಎಂಬ ಮೂರು ಮಾಚಿಗಳು, ಅಂದರೆ ಗೋಡೆ ಕಟ್ಟಿದ ಸಪಾಟುಗಳು, ಮೂರು ದಿಕ್ಕಿಗೆ ಚಾಚಿವೆ. ಮೂರನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ಸಂಜೀವನಿಯೊಂದನ್ನು ಸಮಾಧಾನದಿಂದ ನೋಡಿದರೂ ಬಂದದ್ದು ಸಾರ್ಥಕ. ಪಡುವಲಿಗೆ 1,403 ಮೀಟರ್‌ನ ತೋರಣಾ ಕಾಣುತ್ತದೆ. ಕಲ್ಲಿನ ಸಂದಿಯಲ್ಲಿ ಹೆಜ್ಜೇನು ಇರುತ್ತವೆ, ಸೆಂಟು ಹಾಕಿಕೊಂಡು ಬರಬೇಡಿ, ಕೂಗಾಡಬೇಡಿ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಮೂರಕ್ಕೆ ಇಳಿಯಲು ಶುರು ಮಾಡಿ. ಎಲ್ಲಿ ಇದ್ದೀರೋ ಅಲ್ಲಿಂದಲೇ.

ಕಳಸೂಬಾಯಿ 1,646 ಮೀಟರ್, ಮಹಾರಾಷ್ಟ್ರದಲ್ಲೇ ಎತ್ತರದ ಶಿಖರ. ಕಬ್ಬಿಣದ ಏಣಿಗಳಿವೆ, ರಜಾ ದಿನ ಅಲ್ಲಿ ಸಾಲು ನಿಲ್ಲಬೇಕಾಗುತ್ತದೆ. ವಿಡಿಯೊದ ಆ ಅಂಚು ಹರಿಶ್ಚಂದ್ರಗಡದ ಕೋಕಣಕಡಾ. ಪಾಚನಈ ಊರಿನಿಂದ ಹೋಗಿ, ಅದು ಸುಲಭದ ದಾರಿ. ಅಂಚಿಗೆ ಮಲಗಿ ಇಣುಕಿ, ನಿಂತು ಅಲ್ಲ.

ಅಕ್ಕನ ಮಗ ಈ ಡಿಸೆಂಬರಿಗೆ ಬರುತ್ತಾನಂತೆ. ಬೂಟು ಹಾಕಿಕೊಂಡು ಒಗೆಯುವ ಕಲ್ಲಿನ ಮೇಲೆ ನಿಂತು ನೋಡು ಎಂದಿದ್ದೇನೆ. ಅವರ ಫ್ಲ್ಯಾಟಿನಲ್ಲಿ ಒಗೆಯುವ ಕಲ್ಲೇ ಇಲ್ಲವಂತೆ, ಬಚ್ಚಲಲ್ಲಿ ನಿಂತು ಫೋಟೊ ಕಳಿಸಿದ್ದಾನೆ. ಇಳಿಯುವಾಗ ಊರಿಕೊಳ್ಳಲು ಬಿದಿರಿನ ಕೋಲು ನಮ್ಮ ಮನೆಯಲ್ಲಿ ನಾಲ್ಕಿವೆ.